ಮಣ್ಣಿನ ಚೀಟಿಯಲ್ಲಿ ಕಾಣದ ಸೀಸ, ಕ್ಯಾಡ್ಮಿಯಂ: ಇ-ತ್ಯಾಜ್ಯದ ಗುಜರಿ ಕೆಲಸ ಮತ್ತು ಮಂಡ್ಯ–ಮೈಸೂರಿನ ಹೊಲಗದ್ದೆಗಳು

ಕೇಂದ್ರ ಸರ್ಕಾರ 2015ರ ಫೆಬ್ರವರಿಯಲ್ಲಿ ಆರಂಭಿಸಿದ ಯೋಜನೆಯಡಿ ರೈತರ ಕೈಸೇರುವ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ವಿವರವಿರುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ (ಪಿಎಚ್), ಲವಣಾಂಶ ಮತ್ತು ಸಾವಯವ ಇಂಗಾಲ. ಬೆಳೆಗೆ ಏನು ಕಡಿಮೆಯಾಗಿದೆ, ಯಾವ ಗೊಬ್ಬರವನ್ನು ಎಷ್ಟು ಹಾಕಬೇಕು ಎಂದು ತಿಳಿಸಲು ರೂಪಿಸಿದ ಚೀಟಿ ಅದು. ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕ್ಕಲ್, ಆರ್ಸೆನಿಕ್ ಈ ಪಟ್ಟಿಯಲ್ಲಿ ಇಲ್ಲ. ಪಟ್ಟಿಯಲ್ಲಿರುವ ತಾಮ್ರ ಮತ್ತು ಸತುವನ್ನೂ ಕೊರತೆಯ ದೃಷ್ಟಿಯಿಂದಲೇ ನೋಡಲಾಗುತ್ತದೆ. ಗಿಡಕ್ಕೆ ದಕ್ಕುವ ರೂಪದ ತಾಮ್ರ ಕಿಲೋ ಮಣ್ಣಿಗೆ 0.2 ಮಿಲಿಗ್ರಾಂ, ಸತು 0.6 ಮಿಲಿಗ್ರಾಂ ದಾಟಿದರೆ ಸಾಕಷ್ಟಿದೆ ಎಂದೇ ಲೆಕ್ಕ. ಗುಜರಿ ವೈರು ಸುಟ್ಟ ಬೂದಿ ಬಿದ್ದ ಹೊಲದಲ್ಲಿ ಆ ಅಂಕಿ ಹತ್ತಾರು ಪಟ್ಟು ಏರಿದ್ದರೂ ಚೀಟಿಯ ಮಟ್ಟಿಗೆ ಅದು ಕೊರತೆಯಿಲ್ಲದ ಹೊಲ. ಭಾರಲೋಹ ಸೇರಿದ ಮಣ್ಣಿಗೆ ಬೇರೆ ಬಣ್ಣವಿಲ್ಲ, ವಾಸನೆಯಿಲ್ಲ, ಬಹುತೇಕ ಬೆಳೆಗಳ ಇಳುವರಿಯೂ ಕೂಡಲೇ ಕುಸಿಯುವುದಿಲ್ಲ. ಹೀಗಿರುವಾಗ, ಅಳೆಯದ ಹೊರತು ತಿಳಿಯದ ಒಂದು ಹಾನಿಯನ್ನು ನಾವು ಅಳೆಯುತ್ತಲೇ ಇಲ್ಲ ಎಂಬುದು ನನ್ನ ಮಟ್ಟಿಗೆ ಈ ಸಮಸ್ಯೆಯ ತಿರುಳು.

ಇದನ್ನು ಮಂಡ್ಯ ಮತ್ತು ಮೈಸೂರಿನಲ್ಲಿ ಈಗಲೇ ಯೋಚಿಸಲು ಕಾರಣಗಳಿವೆ. ಜಗತ್ತಿನಲ್ಲಿ 2022ರ ಒಂದೇ ವರ್ಷ 6.2 ಕೋಟಿ ಟನ್ ಇ-ತ್ಯಾಜ್ಯ (ಕೆಟ್ಟ ಫೋನು, ಟೀವಿ, ಕಂಪ್ಯೂಟರಿನಂಥ ಎಲೆಕ್ಟ್ರಾನಿಕ್ ಕಸ) ಹುಟ್ಟಿತೆಂದೂ ಅದರಲ್ಲಿ ಸರಿಯಾದ ದಾಖಲೆಯೊಂದಿಗೆ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ 22.3 ಮಾತ್ರವೆಂದೂ ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಬಹುಪಾಲು ನಮ್ಮಂಥ ದೇಶಗಳಲ್ಲಿ ಗುಜರಿ ಅಂಗಡಿಯ ದಾರಿ ಹಿಡಿಯುತ್ತದೆ. ದೇಶದ ಎಲೆಕ್ಟ್ರಾನಿಕ್ಸ್ ಉದ್ಯಮದ ದೊಡ್ಡ ಕೇಂದ್ರವಾದ ಬೆಂಗಳೂರು ಹೆದ್ದಾರಿಯಲ್ಲಿ ಮಂಡ್ಯಕ್ಕೆ ನೂರು ಕಿಲೋಮೀಟರಷ್ಟೇ ದೂರ. ಮೈಸೂರಿನ ಹೆಬ್ಬಾಳ, ಹೂಟಗಳ್ಳಿ, ಕೂರ್ಗಳ್ಳಿ, ಕಡಕೊಳ, ನಂಜನಗೂಡಿನ ಕಡೆ ಕೈಗಾರಿಕಾ ಪ್ರದೇಶಗಳು ಹೊಲಗಳಿಗೆ ಅಂಟಿಕೊಂಡೇ ಬೆಳೆದಿವೆ. ಸರ್ಕ್ಯೂಟ್ ಬೋರ್ಡು ಕಾಯಿಸುವ, ವೈರು ಸುಡುವ, ಆಸಿಡ್ಡಿನಲ್ಲಿ ಲೋಹ ತೆಗೆಯುವ ಕೆಲಸ ಎಲ್ಲೇ ನಡೆದರೂ ಬಾಡಿಗೆ ಕಡಿಮೆಯಿರುವ, ಹೊಗೆಯನ್ನು ಯಾರೂ ಪ್ರಶ್ನಿಸದ, ಬೂದಿ ಸುರಿಯಲು ಜಾಗವಿರುವ ಕಡೆಗೆ ಸರಿಯುತ್ತದೆ. ಊರಾಚೆಯ ಖಾಲಿ ಶೆಡ್ಡು, ಗೋಮಾಳದ ಅಂಚು, ಹಳ್ಳದ ದಡ ಇಂಥ ಜಾಗಗಳೇ.

ಬೆಂಗಳೂರಿನಲ್ಲಿಯೇ ಆಗಿರುವುದನ್ನು ನೋಡಿದರೆ ಪ್ರಮಾಣದ ಅಂದಾಜು ಸಿಗುತ್ತದೆ. ಅಲ್ಲಿನ ಕೊಳೆಗೇರಿಯೊಂದರಲ್ಲಿ ಕೈಯಿಂದ ಇ-ತ್ಯಾಜ್ಯ ಬಿಚ್ಚುತ್ತಿದ್ದ ಜಾಗದ ಮಣ್ಣನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವು ಕಿಲೋ ಮಣ್ಣಿನಲ್ಲಿ ಸೀಸ 2,850 ಮಿಲಿಗ್ರಾಂವರೆಗೆ, ಕ್ಯಾಡ್ಮಿಯಂ 39, ಪಾದರಸ 49 ಮಿಲಿಗ್ರಾಂವರೆಗೆ ಇದ್ದುದನ್ನು ತೋರಿಸಿತು. ಸಾಮಾನ್ಯ ಮಣ್ಣಿನಲ್ಲಿ ಸೀಸ ಕೆಲವು ಹತ್ತು ಮಿಲಿಗ್ರಾಂ, ಕ್ಯಾಡ್ಮಿಯಂ ಒಂದು ಮಿಲಿಗ್ರಾಂಗಿಂತಲೂ ಬಹಳ ಕಡಿಮೆ ಇರುತ್ತದೆ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ಸರ್ಕ್ಯೂಟ್ ಬೋರ್ಡು ಸುಟ್ಟ ಕಪ್ಪು ಬೂದಿ ರಾಮಗಂಗಾ ನದಿಯ ದಡದಲ್ಲಿ ರಾಶಿಯಾಗಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಮಧ್ಯೆ ಬರಬೇಕಾಯಿತು. ಚೀನಾದ ಗ್ವಿಯು ಪಟ್ಟಣದಲ್ಲಿ ಮನೆಮನೆಯ ಇ-ತ್ಯಾಜ್ಯದ ಕೆಲಸವನ್ನು ಕೈಗಾರಿಕಾ ವಲಯಕ್ಕೆ ಸ್ಥಳಾಂತರಿಸಿದ ಮೇಲೂ ಸುತ್ತಲಿನ ಗದ್ದೆಗಳ ಮಣ್ಣಿನ ಸಮಸ್ಯೆ ಕೆಲಸದ ಜೊತೆಗೆ ಹೊರಟುಹೋಗಲಿಲ್ಲ.

ಬೋರ್ಡಿನೊಳಗಿನ ಲೋಹ ಹೊಲಕ್ಕೆ ಬರುವ ದಾರಿಯನ್ನು ಅರಿಯುವುದು ಮುಖ್ಯ. ಹಳೆಯ ಸರ್ಕ್ಯೂಟ್ ಬೋರ್ಡುಗಳ ಬೆಸುಗೆಯಲ್ಲಿ ಶೇ 63 ತವರ, ಶೇ 37 ಸೀಸವಿರುತ್ತಿತ್ತು. ಬಿಡಿಭಾಗ ಕಳಚಲು ಬೋರ್ಡನ್ನು ಕಾಯಿಸಿದಾಗ ಬೆಸುಗೆ ಕರಗಿ ನೆಲಕ್ಕೆ ತೊಟ್ಟಿಕ್ಕುತ್ತದೆ, ಒಂದಿಷ್ಟು ಹೊಗೆ ಮತ್ತು ದೂಳಿನೊಂದಿಗೆ ಹಾರುತ್ತದೆ. ವೈರಿನ ತಾಮ್ರ ಬಿಡಿಸಲು ಹೊದಿಕೆಯನ್ನು ಸುಟ್ಟರೆ, ಅದರಲ್ಲಿ ಬೆರೆಸಿರುವ ಸೀಸದ ಸಂಯುಕ್ತಗಳು ಬೂದಿಯಾಗಿ ಉಳಿಯುತ್ತವೆ. ಹೊದಿಕೆಯ ಪ್ಲಾಸ್ಟಿಕ್ಕಾದ ಪಿವಿಸಿಯ ಕ್ಲೋರಿನ್ ತಾಮ್ರದ ಸನ್ನಿಧಿಯಲ್ಲಿ ಉರಿದು ಡಯಾಕ್ಸಿನ್ ಎಂಬ ದೀರ್ಘಾಯುಷಿ ವಿಷವೂ ಹುಟ್ಟುತ್ತದೆ. ಚಿನ್ನ, ಬೆಳ್ಳಿ ತೆಗೆಯಲು ಬಳಸುವ ಆಸಿಡ್ಡಿನದು ಇನ್ನೂ ಕೆಟ್ಟ ದಾರಿ. ಒಂದು ಟನ್ ಬೋರ್ಡಿನಲ್ಲಿ ಸಿಗುವ ಚಿನ್ನ ಹಟ್ಟಿ ಗಣಿಯ ಒಂದು ಟನ್ ಅದಿರಿನಲ್ಲಿ ಸಿಗುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ ಈ ಕೆಲಸಕ್ಕೆ ಯಾವಾಗಲೂ ಜನ ಸಿಗುತ್ತಾರೆ. ಚಿನ್ನ ತೆಗೆದ ಮೇಲೆ ಉಳಿದ ಆಸಿಡ್ಡಿನಲ್ಲಿ ತಾಮ್ರ, ಸೀಸ, ನಿಕ್ಕಲ್, ಕ್ಯಾಡ್ಮಿಯಂ ಕರಗಿಕೊಂಡಿರುತ್ತವೆ. ಅದನ್ನು ಚರಂಡಿಗೆ ಅಥವಾ ಬಯಲಿಗೆ ಚೆಲ್ಲಿದಾಗ ಕರಗಿದ ಲೋಹದ ಜೊತೆಗೆ ಹುಳಿಯೂ ಮಣ್ಣಿಗಿಳಿಯುತ್ತದೆ, ಆ ಹುಳಿಯು ಮೊದಲೇ ಮಣ್ಣಿನಲ್ಲಿ ಅಂಟಿಕೊಂಡು ಕುಳಿತಿದ್ದ ಲೋಹವನ್ನೂ ಸಡಿಲಿಸಿ ಬೇರಿಗೆ ಒದಗಿಸುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಓದುಗರು ಗಮನವಿಟ್ಟು ನೋಡಬೇಕೆಂದು ನಾನು ಬಯಸುತ್ತೇನೆ, ಏಕೆಂದರೆ ಪ್ರಮಾಣದ ಬಗ್ಗೆ ನಮಗಿರುವ ಸಾಮಾನ್ಯ ಅಂದಾಜು ಇಲ್ಲಿ ಸುಳ್ಳಾಗುತ್ತದೆ. ಒಂದು ಎಕರೆಯಲ್ಲಿ ನೇಗಿಲು ತಿರುವಿ ಹಾಕುವ 15 ಸೆಂಟಿಮೀಟರ್ ಮೇಲ್ಮಣ್ಣಿನ ತೂಕ ಸುಮಾರು 900 ಟನ್. ಇಷ್ಟು ಮಣ್ಣಿನಲ್ಲಿ ಕ್ಯಾಡ್ಮಿಯಂ ಪ್ರಮಾಣವನ್ನು ಕಿಲೋಗೆ 0.3 ಮಿಲಿಗ್ರಾಂನಷ್ಟು ಏರಿಸಲು ಬೇಕಾಗುವುದು 270 ಗ್ರಾಂ ಕ್ಯಾಡ್ಮಿಯಂ. ಹಳೆಯ ಕಾರ್ಡ್‌ಲೆಸ್ ಫೋನು, ಎಮರ್ಜೆನ್ಸಿ ದೀಪಗಳಲ್ಲಿ ಬಳಸುತ್ತಿದ್ದ ನಿಕ್ಕಲ್–ಕ್ಯಾಡ್ಮಿಯಂ ಸೆಲ್ಲಿನ ತೂಕದಲ್ಲಿ ಶೇ 15ರಷ್ಟು ಕ್ಯಾಡ್ಮಿಯಂ ಎಂದಿಟ್ಟುಕೊಂಡರೆ, ಪೆನ್ ಟಾರ್ಚಿನ ಗಾತ್ರದ ಎಪ್ಪತ್ತು–ಎಂಬತ್ತು ಸೆಲ್ಲುಗಳಲ್ಲಿ ಅಷ್ಟು ಲೋಹವಿದೆ. ಒಂದು ಚೀಲವೂ ತುಂಬದ ಸರಕು ಅದು. ಭತ್ತದ ಗದ್ದೆಗೆ ಚೀನಾ 2018ರಲ್ಲಿ ಗೊತ್ತುಮಾಡಿದ ಎಚ್ಚರಿಕೆಯ ಮಟ್ಟ, ಮಣ್ಣಿನ ರಸಸಾರವನ್ನು ಅನುಸರಿಸಿ, ಕಿಲೋಗೆ 0.3ರಿಂದ 0.8 ಮಿಲಿಗ್ರಾಂ. ಹುಳಿ ಮಣ್ಣಿನ ಗದ್ದೆಯಾದರೆ ಆ ಒಂದು ಚೀಲ ಸೆಲ್ಲೇ ಎಕರೆಯನ್ನು ಎಚ್ಚರಿಕೆಯ ಗೆರೆಗೆ ತಂದು ನಿಲ್ಲಿಸಬಲ್ಲದು. ಹಾಗೆ ಬೆರೆತ 270 ಗ್ರಾಂ ಲೋಹವನ್ನು 900 ಟನ್ ಮಣ್ಣಿನಿಂದ ಮರಳಿ ಹೆಕ್ಕುವ ಯಾವ ಉಪಾಯವೂ ರೈತನ ಬಳಿ ಇಲ್ಲ. ಲೋಹವು ಕೀಟನಾಶಕದಂತೆ ಕಾಲಕ್ರಮದಲ್ಲಿ ಒಡೆದು ಹೋಗುವ ವಸ್ತುವಲ್ಲ. ಮಳೆ ಕೊಚ್ಚಿಕೊಂಡು ಹೋಗಬೇಕು, ಬೆಳೆ ಹೀರಿಕೊಂಡು ಹೋಗಬೇಕು, ಇಲ್ಲವೇ ಮಣ್ಣನ್ನೇ ತೆಗೆಯಬೇಕು.

ಭಾರತದ ಸಂಶೋಧನಾ ಪ್ರಬಂಧಗಳಲ್ಲಿ ಸಾಮಾನ್ಯವಾಗಿ ಉಲ್ಲೇಖವಾಗುವ ಮಿತಿಯಾದರೋ ಕ್ಯಾಡ್ಮಿಯಂಗೆ 3ರಿಂದ 6 ಮಿಲಿಗ್ರಾಂ, ಸೀಸಕ್ಕೆ 250ರಿಂದ 500 ಮಿಲಿಗ್ರಾಂ. ಚೀನಾದ ಗದ್ದೆಯ ಮಟ್ಟಕ್ಕೆ ಹೋಲಿಸಿದರೆ ಕ್ಯಾಡ್ಮಿಯಂ ವಿಷಯದಲ್ಲಿ ಇದು ಹತ್ತು ಪಟ್ಟಿನಷ್ಟು ಸಡಿಲ. ಅಕ್ಕಿಯನ್ನೇ ಮುಖ್ಯ ಆಹಾರವಾಗಿ ಉಣ್ಣುವ ನಾಡಿಗೆ ಈ ಸಡಿಲ ಮಿತಿ ಯೋಗ್ಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪರೀಕ್ಷೆ ಮಾಡಿಸಿದರೂ ಯಾವ ಗೆರೆಗೆ ಹೋಲಿಸಿ ಓದುತ್ತೇವೆ ಎಂಬುದರ ಮೇಲೆ ಒಂದೇ ಗದ್ದೆ ಸುರಕ್ಷಿತವೂ ಆಗಬಹುದು, ಅಪಾಯದ್ದೂ ಆಗಬಹುದು.

ಎಲ್ಲ ಲೋಹಗಳ ನಡೆ ಒಂದೇ ಅಲ್ಲ. ಸೀಸ ಮೇಲ್ಮಣ್ಣಿನಲ್ಲೇ ಬಿಗಿಯಾಗಿ ಉಳಿಯುತ್ತದೆ, ಬೇರಿನಿಂದ ಕಾಳಿನವರೆಗೆ ಏರುವುದು ಕಡಿಮೆ. ಅದು ಬಾಯಿಗೆ ಬರುವುದು ಹೆಚ್ಚಾಗಿ ಸೊಪ್ಪಿನ ಮೇಲೆ ಕುಳಿತ ದೂಳಿನಿಂದ, ಗೆಡ್ಡೆಗೆ ಮೆತ್ತಿದ ಮಣ್ಣಿನಿಂದ, ಹೊಲದ ಬದಿ ಆಡುವ ಮಕ್ಕಳ ಕೈಯಿಂದ. ಮಕ್ಕಳ ಮಿದುಳಿನ ಬೆಳವಣಿಗೆಯ ಮೇಲೆ ಸೀಸ ಬೀರುವ ಪರಿಣಾಮಕ್ಕೆ ಸುರಕ್ಷಿತವೆನ್ನಬಹುದಾದ ಮಟ್ಟವೇ ಕಂಡುಬಂದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕ್ಯಾಡ್ಮಿಯಂ ಹಾಗಲ್ಲ, ಅದು ಸುಲಭವಾಗಿ ಬೇರಿನ ಮೂಲಕ ಏರಿ ದಂಟು, ಪಾಲಕ್, ಮೆಂತ್ಯದಂಥ ಸೊಪ್ಪುಗಳಲ್ಲಿ ಮತ್ತು ಅಕ್ಕಿಯ ಕಾಳಿನಲ್ಲಿ ಸೇರುತ್ತದೆ. ದೇಹಕ್ಕೆ ಹೋದದ್ದು ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂಡುತ್ತಾ ಹೋಗುತ್ತದೆ.

ಅಕ್ಕಿಯ ಮಾತು ಮಂಡ್ಯಕ್ಕೆ ನೇರವಾಗಿ ತಾಗುವಂಥದ್ದು. ಗದ್ದೆಯಲ್ಲಿ ನೀರು ನಿಂತಿರುವಾಗ ಮಣ್ಣಿನೊಳಗಿನ ಆಮ್ಲಜನಕ ಮುಗಿಯುತ್ತದೆ, ಗಂಧಕವು ಸಲ್ಫೈಡ್ ರೂಪಕ್ಕೆ ತಿರುಗುತ್ತದೆ, ಕ್ಯಾಡ್ಮಿಯಂ ಅದರೊಂದಿಗೆ ಸೇರಿ ಕರಗದ ರೂಪ ತಾಳುತ್ತದೆ. ಆಗ ಬೇರಿಗೆ ಅದು ಸಿಗುವುದು ಕಷ್ಟ. ನೀರು ಬಸಿದು ಗದ್ದೆ ಒಣಗಿ ಗಾಳಿಯಾಡಿದ ಕೆಲವೇ ದಿನಗಳಲ್ಲಿ ಆ ಬಂಧ ಬಿಚ್ಚಿಕೊಂಡು ಕ್ಯಾಡ್ಮಿಯಂ ಮತ್ತೆ ಮಣ್ಣಿನ ನೀರಿಗೆ ಬರುತ್ತದೆ, ಭತ್ತ ಅದನ್ನು ಮ್ಯಾಂಗನೀಸ್ ಹೀರುವ ಹಾದಿಯಲ್ಲೇ ಒಳಗೆ ಬಿಟ್ಟುಕೊಳ್ಳುತ್ತದೆ. ಆರ್ಸೆನಿಕ್ ಇದಕ್ಕೆ ತದ್ವಿರುದ್ಧ, ನೀರು ನಿಂತಾಗಲೇ ಅದು ಹೆಚ್ಚು ಕರಗುತ್ತದೆ. ಈಗ ವಿಶ್ವೇಶ್ವರಯ್ಯ ನಾಲೆಯನ್ನು ನೆನೆಯಿರಿ. ಕೆಆರ್‌ಎಸ್‌ನಲ್ಲಿ ನೀರು ಕಡಿಮೆಯಾದ ವರ್ಷಗಳಲ್ಲಿ ನಾಲೆಗೆ ಕಟ್ಟು ಪದ್ಧತಿಯಲ್ಲಿ, ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಹರಿಸಲಾಗುತ್ತದೆ. ಕೊನೇ ಭಾಗದ ಗದ್ದೆಗಳು ತೆನೆ ಬರುವ ಹೊತ್ತಿಗೇ ಒಣಗುವುದು ಅಲ್ಲಿನವರಿಗೆ ಹೊಸದಲ್ಲ. ನೀರುಳಿಸಲು ಗದ್ದೆಯನ್ನು ಒಮ್ಮೆ ಹಾಯಿಸಿ ಒಮ್ಮೆ ಒಣಗಲು ಬಿಡುವ ಕ್ರಮವನ್ನು ಕೃಷಿ ವಿಜ್ಞಾನಿಗಳೂ ಶಿಫಾರಸು ಮಾಡುತ್ತಾರೆ, ಮತ್ತು ಶುದ್ಧ ಮಣ್ಣಿನಲ್ಲಿ ಅದು ಒಳ್ಳೆಯ ಕ್ರಮವೇ. ಆದರೆ ಕ್ಯಾಡ್ಮಿಯಂ ಸೇರಿರುವ ಗದ್ದೆಯಲ್ಲಿ ಅದೇ ಕ್ರಮ ಕಾಳಿಗೆ ಹೆಚ್ಚು ಲೋಹ ತಲುಪಿಸುತ್ತದೆ. ಜಪಾನಿನಲ್ಲಿ ಇಂಥ ಗದ್ದೆಗಳಿಗೆ ತೆನೆ ಹೊರಬರುವ ಮುನ್ನ ಮೂರು ವಾರ, ನಂತರ ಮೂರು ವಾರ ನೀರು ನಿಂತೇ ಇರುವಂತೆ ನೋಡಿಕೊಳ್ಳಬೇಕೆಂಬ ಸಲಹೆಯಿದೆ. ನಾಲೆಯ ನೀರು ಯಾವಾಗ ಬರುತ್ತದೆಂಬುದು ತನ್ನ ಕೈಯಲ್ಲಿಲ್ಲದ ಕೊನೇ ಭಾಗದ ರೈತನಿಗೆ ಆ ಸಲಹೆಯನ್ನು ಪಾಲಿಸುವುದೇ ಸಾಧ್ಯವಾಗದು. ಆದ್ದರಿಂದ ಎಲ್ಲಿ ಕ್ಯಾಡ್ಮಿಯಂ ಇದೆ, ಎಲ್ಲಿ ಇಲ್ಲ ಎಂಬ ಮಾಹಿತಿ ಇಲ್ಲಿ ನೀರಾವರಿಯ ನಿರ್ಧಾರಕ್ಕೂ ಬೇಕು.

ಜಪಾನಿನ ಹೆಸರು ಬಂದದ್ದರಿಂದ ಅಲ್ಲಿನ ಜಿಂಜೂ ನದಿಯ ಬಯಲನ್ನು ಹೇಳಲೇಬೇಕು. ಅಲ್ಲಿ ಕ್ಯಾಡ್ಮಿಯಂ ಬಂದದ್ದು ಇ-ತ್ಯಾಜ್ಯದಿಂದಲ್ಲ, ಮೇಲ್ಭಾಗದ ಕಮಿಯೋಕಾ ಗಣಿಯಿಂದ. ನದಿಯ ನೀರಿನ ಮೂಲಕ ಗದ್ದೆಗಿಳಿದು, ಅಕ್ಕಿಯ ಮೂಲಕ ಜನರ ದೇಹ ಸೇರಿ, ಮೂಳೆಗಳು ಸಣ್ಣ ಏಟಿಗೂ ಮುರಿಯುವ ‘ಇತಾಯ್–ಇತಾಯ್’ ಕಾಯಿಲೆಯನ್ನು ತಂದಿತು. ಸರ್ಕಾರ 1968ರಲ್ಲಿ ಅದನ್ನು ಮಾಲಿನ್ಯದಿಂದ ಬಂದ ಕಾಯಿಲೆಯೆಂದು ಒಪ್ಪಿಕೊಂಡಿತು. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸ 1979ರ ಸುಮಾರಿಗೆ ಶುರುವಾಗಿ 2012ರ ಹೊತ್ತಿಗೆ ಮುಗಿಯಿತು. ಕೆಟ್ಟ ಮೇಲ್ಮಣ್ಣನ್ನು ಹೂತು, ಅದರ ಮೇಲೆ ಬೇರೆಡೆಯಿಂದ ತಂದ ಶುದ್ಧ ಮಣ್ಣನ್ನು ಹರಡಿ, ಸುಮಾರು 860 ಹೆಕ್ಟೇರನ್ನು ಮರಳಿ ಪಡೆಯಲು ಶ್ರೀಮಂತ ದೇಶವೊಂದಕ್ಕೆ ಮೂರು ದಶಕ ಹಿಡಿಯಿತು.

ಮಂಡ್ಯದಲ್ಲಿ ಇನ್ನೊಂದು ದಾರಿಯ ಮೇಲೂ ಕಣ್ಣಿಡಬೇಕು. ಆಲೆಮನೆಗಳಲ್ಲಿ ರಚ್ಚು (ರಸ ತೆಗೆದ ಕಬ್ಬಿನ ಸಿಪ್ಪೆ) ಸಾಲದೆ ಹಳೆಯ ಟೈರು, ರಬ್ಬರು, ಪ್ಲಾಸ್ಟಿಕ್ಕನ್ನು ಒಲೆಗೆ ಹಾಕುತ್ತಾರೆಂಬ ದೂರು ಜಿಲ್ಲೆಯಲ್ಲಿ ಹಲವು ಸಲ ಕೇಳಿಬಂದಿದೆ. ಟೈರಿನಲ್ಲಿ ತೂಕದ ಶೇ 1ರಷ್ಟು ಸತು ಇರುತ್ತದೆ, ಜೊತೆಗೆ ಅಲ್ಪ ಪ್ರಮಾಣದಲ್ಲಿ ಕ್ಯಾಡ್ಮಿಯಂ. ಆ ಬೂದಿಯಲ್ಲಿ ವೈರಿನ ಹೊದಿಕೆಯೂ ಸೇರಿದರೆ ಸೀಸ ಬರುತ್ತದೆ. ಒಲೆಯ ಬೂದಿಯನ್ನು ಗದ್ದೆಗೆ ಚೆಲ್ಲುವುದು ನಮ್ಮಲ್ಲಿ ತಲೆತಲಾಂತರದ ಒಳ್ಳೆಯ ರೂಢಿ. ರಚ್ಚಿನ ಬೂದಿಯಾದರೆ ಅದು ಗೊಬ್ಬರ, ಟೈರು–ಪ್ಲಾಸ್ಟಿಕ್ಕಿನ ಬೂದಿಯಾದರೆ ಅದನ್ನು ಹೊಲಕ್ಕೆ ತರಲೇಬಾರದು. ನಗರದ ಮಿಶ್ರ ಕಸದಿಂದ ಮಾಡಿದ ಕಾಂಪೋಸ್ಟಿನಲ್ಲೂ ಇದೇ ಎಚ್ಚರ ಬೇಕು. ಬ್ಯಾಟರಿ, ಟ್ಯೂಬ್‌ಲೈಟು, ರಿಮೋಟು ಹಸಿ ಕಸದೊಂದಿಗೇ ಬೆರೆತರೆ ಲೋಹ ಕಾಂಪೋಸ್ಟಿಗೆ ಇಳಿಯುತ್ತದೆ. ರಸಗೊಬ್ಬರ ನಿಯಂತ್ರಣ ಆದೇಶ ನಗರ ಕಾಂಪೋಸ್ಟಿಗೆ ಕಿಲೋಗೆ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮಿತಿ ವಿಧಿಸಿದೆ. ಕೊಳ್ಳುವ ರೈತ ಆ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬೇಕು.

ಹಾಗಾದರೆ ಅಳೆಯುವುದು ಹೇಗೆ? ಮಣ್ಣು ಆರೋಗ್ಯ ಚೀಟಿಗೆ ನೀರಾವರಿ ಪ್ರದೇಶದಲ್ಲಿ 2.5 ಹೆಕ್ಟೇರಿಗೆ, ಮಳೆಯಾಶ್ರಿತ ಪ್ರದೇಶದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಕ್ರಮವಿತ್ತು, ಆ ಮಾದರಿಯೂ ಹಲವು ಕಡೆಯ ಮಣ್ಣನ್ನು ಕಲಸಿದ್ದು. ಸಾರಜನಕಕ್ಕೆ ಅದು ಸರಿ. ಲೋಹದ ಮಾಲಿನ್ಯ ಸಮನಾಗಿ ಹರಡುವುದಿಲ್ಲ: ಸುಟ್ಟ ಜಾಗದಲ್ಲಿ ವಿಪರೀತ, ಐವತ್ತು ಮಾರು ಆಚೆ ಕಡಿಮೆ, ಚರಂಡಿ ಹಾಯುವ ಸಾಲಿನಲ್ಲಿ ಮತ್ತೆ ಹೆಚ್ಚು. ಆರು ಎಕರೆಯ ಮಣ್ಣನ್ನು ಕಲಸಿದರೆ ಆ ಮೂಲೆ ಸರಾಸರಿಯಲ್ಲಿ ಮಾಯವಾಗುತ್ತದೆ. ಆದ್ದರಿಂದ ಇಡೀ ಜಿಲ್ಲೆಯನ್ನು ಚೌಕ ಹಾಕಿ ಅಳೆಯುವ ಬದಲು ಅನುಮಾನದ ಜಾಗಗಳಿಂದ ಆರಂಭಿಸುವುದೇ ಸರಿಯಾದ ವಿಧಾನ: ಗುಜರಿ ದಾಸ್ತಾನು, ಬ್ಯಾಟರಿ ಒಡೆಯುವ ಜಾಗ, ವೈರು ಸುಟ್ಟ ಕರೆ ಇರುವ ನೆಲ, ಕೈಗಾರಿಕಾ ಪ್ರದೇಶದ ಚರಂಡಿ ಸೇರುವ ಹಳ್ಳ, ನಗರದ ಕೊಳಚೆ ನೀರು ಬಂದು ಸೇರುವ ದಳವಾಯಿ ಕೆರೆಯಂಥ ಕೆರೆಗಳ ಕೆಳಗಿನ ಅಚ್ಚುಕಟ್ಟು. ಅಲ್ಲಿಂದ ಗಾಳಿ ಬೀಸುವ ದಿಕ್ಕಿನಲ್ಲಿ, ನೀರು ಇಳಿಯುವ ದಿಕ್ಕಿನಲ್ಲಿ ದೂರ ದೂರಕ್ಕೆ ಮಾದರಿ ತೆಗೆಯಬೇಕು, ಮೇಲ್ಮಣ್ಣನ್ನೂ ಒಂದಡಿ ಕೆಳಗಿನದನ್ನೂ ಬೇರೆ ಬೇರೆಯಾಗಿ. ಸೋಂಕಿಲ್ಲದ ಹತ್ತಿರದ ಹೊಲವೊಂದರ ಮಣ್ಣು ಹೋಲಿಕೆಗೆ ಇರಬೇಕು, ಏಕೆಂದರೆ ಬಂಡೆಯಿಂದಲೇ ಬಂದ ಕ್ರೋಮಿಯಂ, ನಿಕ್ಕಲ್ಲನ್ನು ಗುಜರಿಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಮಣ್ಣಿನೊಡನೆ ಅದೇ ಹೊಲದ ಭತ್ತ, ಸೊಪ್ಪನ್ನೂ ಪರೀಕ್ಷಿಸಬೇಕು. ಅಂತರರಾಷ್ಟ್ರೀಯ ಆಹಾರ ಮಾನದಂಡ ಪಾಲಿಶ್ ಮಾಡಿದ ಅಕ್ಕಿಗೆ ಕಿಲೋಗೆ 0.4, ಸೊಪ್ಪಿಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ ಮಿತಿ ಹೇಳುತ್ತದೆ. ಮೈಸೂರಿನಲ್ಲಿ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ, ಮೈಸೂರು ವಿಶ್ವವಿದ್ಯಾನಿಲಯ, ಮಂಡ್ಯದಲ್ಲಿ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರ್ಮ್ ಇರುವಾಗ ಜ್ಞಾನದ ಕೊರತೆಯನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಕಾನೂನಿನ ಕಡೆ ನೋಡಿದರೆ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಹೊಣೆ ಹೊರಿಸಿವೆ. ಉತ್ಪಾದಕರು ನೋಂದಾಯಿತ ಮರುಬಳಕೆದಾರರಿಂದ ಮರುಬಳಕೆಯ ಪ್ರಮಾಣಪತ್ರ ಕೊಳ್ಳಬೇಕು. ಆ ಪ್ರಮಾಣಪತ್ರದ ಲೆಕ್ಕ ನಡೆಯುವುದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ ಎಂಬ ನಾಲ್ಕು ಲೋಹಗಳ ಮೇಲೆ. ಇವು ಮಾರುಕಟ್ಟೆಯಲ್ಲಿ ತಾವಾಗಿಯೇ ಬೆಲೆ ಪಡೆಯುವ ಲೋಹಗಳು. ಹೊಲವನ್ನು ಕೆಡಿಸುವ ಸೀಸ, ಕ್ಯಾಡ್ಮಿಯಂ, ಪಾದರಸವನ್ನು ಜೋಪಾನವಾಗಿ ಹಿಡಿದಿಟ್ಟವನಿಗೆ ಆ ಲೆಕ್ಕದಲ್ಲಿ ಏನೂ ದಕ್ಕುವುದಿಲ್ಲ. ಇದು ಈ ವ್ಯವಸ್ಥೆಯ ದೊಡ್ಡ ದೋಷವೆಂದೇ ನಾನು ಭಾವಿಸುತ್ತೇನೆ. ಗುಜರಿಯವರಾದರೋ ಈ ಚೌಕಟ್ಟಿನ ಹೊರಗೇ ಉಳಿದಿದ್ದಾರೆ. ಮನೆಮನೆಗೆ ಬಂದು ಹಳೆಯ ಟೀವಿ, ಮಿಕ್ಸಿ ಕೊಳ್ಳುವವರು ಅವರೇ, ಆ ಕೆಲಸ ನಗರಕ್ಕೆ ಬೇಕು. ಅವರ ವಿಷಕಾರಿ ಕೆಲಸ ಕಳಚುವುದರಲ್ಲಿ ಇಲ್ಲ, ಸುಡುವುದರಲ್ಲಿ ಮತ್ತು ಆಸಿಡ್ಡಿನಲ್ಲಿದೆ. ದಾಳಿ ಮಾಡಿ ಓಡಿಸಿದರೆ ಶೆಡ್ಡು ಇನ್ನೊಂದು ಹಳ್ಳಿಗೆ ಹೋಗುತ್ತದೆ, ಬಿಟ್ಟ ಜಾಗವೂ ಕೆಟ್ಟಿರುತ್ತದೆ, ಹೋದ ಜಾಗವೂ ಕೆಡುತ್ತದೆ. ಬಿಚ್ಚಿದ ಬೋರ್ಡನ್ನು, ವೈರನ್ನು ಸುಡದೆ ಹಾಗೆಯೇ ನೋಂದಾಯಿತ ಘಟಕಕ್ಕೆ ಮಾರಿದಾಗ ಸುಟ್ಟು ಮಾರುವುದಕ್ಕಿಂತ ಹೆಚ್ಚು ಹಣ ಅವರಿಗೆ ಸಿಗುವಂತೆ ಮಾಡುವುದೊಂದೇ ಬಾಳುವ ದಾರಿ. ಸಿಪ್ಪೆ ಸುಲಿಯುವ ಸಣ್ಣ ಯಂತ್ರವಿದ್ದರೆ ವೈರಿಗೆ ಬೆಂಕಿ ಹಚ್ಚುವ ಅಗತ್ಯವೇ ಬೀಳುವುದಿಲ್ಲ.

ಕೇಂದ್ರ ಪರಿಸರ ಸಚಿವಾಲಯ 2025ರ ಜುಲೈಯಲ್ಲಿ ಮಾಲಿನ್ಯಪೀಡಿತ ಸ್ಥಳಗಳ ನಿರ್ವಹಣೆಗೆಂದೇ ಪ್ರತ್ಯೇಕ ನಿಯಮ ಹೊರಡಿಸಿದೆ. ಅದರ ಪ್ರಕಾರ ಅನುಮಾನದ ಸ್ಥಳಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೆಳಹಂತದಿಂದ ಕಳಿಸಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಬೇಕು, ಕೆಡಿಸಿದವರು ಪತ್ತೆಯಾದರೆ ಸರಿಪಡಿಸುವ ವೆಚ್ಚ ಅವರದು. ಮಂಡ್ಯ, ಮೈಸೂರಿನ ಗ್ರಾಮ ಪಂಚಾಯಿತಿಗಳು ತಮ್ಮ ಗಡಿಯೊಳಗಿನ ಸುಟ್ಟ ಜಾಗಗಳನ್ನು ಸರ್ವೆ ನಂಬರು ಸಹಿತ ಬರೆದು ಜಿಲ್ಲಾಡಳಿತಕ್ಕೆ ಕೊಟ್ಟರೆ ಈ ನಿಯಮಕ್ಕೆ ಜೀವ ಬರುತ್ತದೆ. ಆದರೆ ರೈತ ಯಾಕೆ ದೂರು ಕೊಡಲು ಹಿಂಜರಿಯುತ್ತಾನೆ ಎಂಬುದನ್ನು ಅಧಿಕಾರಿಗಳು ಅರಿಯಬೇಕು. ಊರಿನ ಹೆಸರು ಕೆಟ್ಟರೆ ಆ ಊರಿನ ಅಕ್ಕಿ, ಬೆಲ್ಲ, ತರಕಾರಿಗೆ ಬೆಲೆ ಬೀಳುತ್ತದೆ, ಜಮೀನಿಗೆ ಕೊಳ್ಳುವವರಿರುವುದಿಲ್ಲ, ಬ್ಯಾಂಕಿನ ಸಾಲವೂ ತೊಡಕಾಗಬಹುದು. ತಾನು ಮಾಡದ ತಪ್ಪಿಗೆ ಇಷ್ಟೆಲ್ಲವನ್ನು ತಲೆಯ ಮೇಲೆ ಎಳೆದುಕೊಳ್ಳಲು ಯಾರು ಮುಂದೆ ಬಂದಾರು? ಪರೀಕ್ಷೆ ಉಚಿತವಾಗಿರಬೇಕು, ಫಲಿತಾಂಶ ಮೊದಲು ಜಮೀನಿನವರ ಕೈಗೆ ಬರಬೇಕು, ಬೆಳೆ ಬದಲಿಸಬೇಕಾದಲ್ಲಿ ಆದಾಯದ ವ್ಯತ್ಯಾಸ ತುಂಬಿಕೊಡುವುದಾಗಿ ಜಿಲ್ಲಾಡಳಿತ ಮಾದರಿ ತೆಗೆಯುವ ಮುನ್ನವೇ ಬರೆದು ಕೊಡಬೇಕು.

ಅಷ್ಟರವರೆಗೆ, ಗುಜರಿ ಸುಡುವ ಜಾಗದ ಪಕ್ಕದಲ್ಲಿ ಉಳುವವರು ತಮ್ಮ ಕೈಯಲ್ಲಿರುವ ಕೆಲವು ಕ್ರಮಗಳನ್ನು ಕೈಗೊಳ್ಳಬಹುದು. ಅಂಥ ಹೊಲದಲ್ಲಿ ಸೊಪ್ಪು, ಮೂಲಂಗಿ, ಗೆಡ್ಡೆ ಬೆಳೆಯುವುದನ್ನು ಬಿಟ್ಟು ಟೊಮೆಟೊ, ಸೌತೆಯಂಥ ಕಾಯಿ ಬೆಳೆಗಳಿಗೆ ಹೋದರೆ ಲೋಹ ಊಟಕ್ಕೆ ಬರುವುದು ಬಹಳಷ್ಟು ತಗ್ಗುತ್ತದೆ. ಚೆಂಡು ಹೂ, ಮರದ ತೋಪು ಇನ್ನೂ ಸುರಕ್ಷಿತ. ಹುಳಿ ಮಣ್ಣಾದರೆ ಸುಣ್ಣ ಹಾಕಿ ರಸಸಾರ ಏರಿಸುವುದು ಕ್ಯಾಡ್ಮಿಯಂ ಹಿಡಿದಿಡುತ್ತದೆ, ಕೊಟ್ಟಿಗೆ ಗೊಬ್ಬರವೂ ಹಾಗೆಯೇ ನೆರವಾಗುತ್ತದೆ. ಸತುವಿನ ಕೊರತೆಯಿರುವ ಗದ್ದೆಗೆ ಶಿಫಾರಸಿನಷ್ಟು ಜಿಂಕ್ ಸಲ್ಫೇಟ್ ಹಾಕಿದರೆ ಬೇರಿನಲ್ಲಿ ಕ್ಯಾಡ್ಮಿಯಂಗೆ ಪೈಪೋಟಿ ಬೀಳುತ್ತದೆ. ಚೌಳು ಭೂಮಿಗೆ ಜಿಪ್ಸಂ ಹಾಕುವವರು ಮಾತ್ರ ಮೊದಲು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕ್ಷಾರ ಇಳಿದಂತೆ ಅಲ್ಲಿಯವರೆಗೆ ಬಿಗಿಯಾಗಿದ್ದ ಲೋಹ ಸಡಿಲವಾಗಬಹುದು. ಸಾಸಿವೆ, ಸೂರ್ಯಕಾಂತಿಯಂಥ ಗಿಡಗಳಿಂದ ಲೋಹ ಹೀರಿಸುವ ವಿಧಾನವನ್ನು ಕೆಲವರು ಸೂಚಿಸುತ್ತಾರೆ. ಅದಕ್ಕೆ ಹಲವು ವರ್ಷಗಳ, ಕೆಲವೊಮ್ಮೆ ದಶಕಗಳ ಬೆಳೆ ಬೇಕು, ಹಾಗೆ ಹೀರಿದ ಗಿಡವನ್ನು ದನಕ್ಕೆ ಹಾಕುವಂತಿಲ್ಲ, ಒಲೆಗೆ ಹಾಕುವಂತಿಲ್ಲ, ಅಪಾಯಕಾರಿ ತ್ಯಾಜ್ಯವೆಂದು ಹೊರಗೆ ಸಾಗಿಸುವ ಏರ್ಪಾಡು ಮೊದಲು ಆಗಿರಬೇಕು.